ಮಗ್ಗ ಸುಮ್ಮನಿದ್ದ ಮನೆ

ನೋಯುವ ದೇಹವನ್ನೂ ತನ್ನ ಗುಡಿಯೆಂದು ಒಪ್ಪಿಕೊಂಡ ಕರುಣಾಳು ಸ್ವಾಮಿಗೆ ಶರಣು.

"ಅಜ್ಜಾ, ನನ್ನ ಕೀಲುನೋವು ಕಣ್ಣಿಗೆ ಕಾಣುವಂಥದ್ದಲ್ಲ. ಯಾರು ನನ್ನ ಕಡೆ ನೋಡಿದರೂ, ಇವನದು ನಾಟಕ ಎಂದುಕೊಂಡರೇನೋ ಅನಿಸುತ್ತದೆ. ನೋವಿಗಿಂತ ಈ ಅನುಮಾನವೇ ನನ್ನನ್ನು ತಿನ್ನುತ್ತಿದೆ. ಏನು ಮಾಡಲಿ?" ಎಂದು ಮುರಿಗೆಪ್ಪನೆಂಬ ಶಿಷ್ಯ ಮಠದ ಗುರುಗಳನ್ನು ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನಿಗೂ ಇದೇ ಬೇನೆ. ಅದು ಬಂದ ದಿನ ಬೆರಳು ಮಡಚಲಾಗದು. ಬಿಟ್ಟ ದಿನ ಎಲ್ಲರಂತೆ ಇರುತ್ತಿದ್ದ. ಯಾವ ಔಷಧಕ್ಕೂ ಅದು ಪೂರ್ತಿ ಬಗ್ಗಲಿಲ್ಲ. ನೇಕಾರರ ಓಣಿಯಲ್ಲಿ ಯಾರ ಮಗ್ಗ ಆಡುತ್ತಿದೆ, ಯಾರದು ನಿಂತಿದೆ ಎಂಬುದು ಎಲ್ಲರಿಗೂ ಕೂತಲ್ಲೇ ಕೇಳುತ್ತದೆ. ಒಂದು ಬೆಳಿಗ್ಗೆ ಪಕ್ಕದ ಮನೆಯವನು ಕಿಟಕಿಯಲ್ಲಿ ಇಣುಕಿ, "ನಿನ್ನೆ ನರಳಾಟ, ಇವತ್ತು ಲಾಳಿಯಾಟ! ನಿನ್ನ ರೋಗಕ್ಕೂ ರಜೆ ಇದೆಯೇನಪ್ಪಾ?" ಎಂದು ನಕ್ಕು ಹೋದ.

ಆ ಮಾತು ನೇಕಾರನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬಾವಿಕಟ್ಟೆಯಲ್ಲಿ ಇಬ್ಬರು ನಿಂತರೆ ತನ್ನದೇ ಸುದ್ದಿ ಎಂದುಕೊಂಡ. ಯಾರಾದರೂ ಹೇಗಿದ್ದೀಯೆಂದು ಕೇಳಿದರೆ, ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡ. ಆಗ ಮಗ್ಗದ ಮೇಲೆ ಮಗಳ ಸೀಮಂತದ ಹಸಿರು ಸೀರೆಯಿತ್ತು. ತಾನೇ ನೇಯ್ದು ಉಡಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಬೆರಳು ಹಗುರವಾದ ದಿನಗಳೂ ಬಂದವು. ಆದರೆ ಇವತ್ತು ಮಗ್ಗದ ಸದ್ದು ಕೇಳಿದರೆ ನಾಳೆ ತನ್ನ ನೋವನ್ನು ಯಾರು ನಂಬುತ್ತಾರೆ ಎಂದು ಮುಸುಕೆಳೆದು ಮಲಗಿದ.

"ಇವತ್ತು ಮುಖದಲ್ಲಿ ಗೆಲುವಿದೆ. ಒಂದಿಷ್ಟು ನೇಯಬಾರದೇ?" ಎಂದಳು ಹೆಂಡತಿ.

"ನೀನೂ ಅವರ ಕಡೆ ಸೇರಿಬಿಟ್ಟೆಯಾ?" ಎಂದು ಗೋಡೆಗೆ ಮುಖ ಮಾಡಿದ. ಅವಳು ಮತ್ತೆ ಕೇಳಲಿಲ್ಲ.

ಸೀಮಂತದ ದಿನ ಮಗಳು ಬಂದಳು. ಸೀರೆ ಅರ್ಧಕ್ಕೇ ನಿಂತಿತ್ತು. ಅವಳು ತಂದೆಯ ಪಕ್ಕದಲ್ಲಿ ಕೂತು, "ಅಪ್ಪಾ, ಇಷ್ಟು ದಿನವೂ ಒಂದೇ ಸಮನೆ ನೋವಿತ್ತಾ?" ಎಂದಳು.

ನೇಕಾರ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು.

"ಹೌದಮ್ಮಾ" ಎಂದ.

ಮಗಳು ನಂಬಿದಳು. "ಸೀರೆ ಹೋದರೆ ಹೋಗಲಿ ಬಿಡಪ್ಪಾ" ಎಂದು ಅವನ ಬೆರಳುಗಳನ್ನು ಮೆಲ್ಲಗೆ ಒತ್ತತೊಡಗಿದಳು. ಅವತ್ತು ಆ ಬೆರಳುಗಳಲ್ಲಿ ನೋವೇ ಇರಲಿಲ್ಲ. ಒಬ್ಬರಾದರೂ ನಂಬಲಿ ಎಂದು ಅಷ್ಟು ದಿನ ಹಂಬಲಿಸಿದವನು, ನಂಬಿದವಳ ಮುಂದೆ ಕಣ್ಣೆತ್ತಲಾರದೆ ಹೋದ.

ಮುರಿಗೆಪ್ಪ ಸುಮ್ಮನಾಗಲಿಲ್ಲ. "ಆದರೆ ಅಜ್ಜಾ, ಪಕ್ಕದ ಮನೆಯವನು ಅನುಮಾನಪಟ್ಟದ್ದು ನಿಜ ತಾನೇ?"

"ಪಟ್ಟಿರಬಹುದು ಮಗೂ, ಆದರೆ ರೋಗ ಬಿಟ್ಟುಕೊಟ್ಟ ದಿನಗಳನ್ನೂ ಕೈಯಾರೆ ರೋಗಕ್ಕೇ ಒಪ್ಪಿಸಿದವನು ನೇಕಾರ."



ಕೇಳಿದ ನಿಮಗೆಲ್ಲ ಸ್ವಾಮಿ ಒಳ್ಳೆಯದು ಮಾಡಲಿ. ನೋವಿರುವ ದಿನ ತಾಳ್ಮೆ ಕೊಡಲಿ, ನೋವಿಲ್ಲದ ದಿನ ನಗುವ ಧೈರ್ಯ ಕೊಡಲಿ.