ಸಮುದ್ರ ಊಟಕ್ಕೆ ಬಂದದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಅಂಚು ಕೂಡ ಸವೆದಿರಲಿಲ್ಲ. ಆದರೂ ಗ್ರೀಕರು ಅಷ್ಟರಲ್ಲೇ ಒಂದು ಯುದ್ಧ ಹುಡುಕಿಕೊಂಡಿದ್ದರು.

ಆ ಕಾಲದಲ್ಲಿ ಸಮುದ್ರಕ್ಕೆ ಅಲೆ ಇರಲಿಲ್ಲ. ತಟ್ಟೆಗೆ ಸುರಿದ ಎಣ್ಣೆಯ ಹಾಗೆ ಸುಮ್ಮನೆ ಮಲಗಿರುತ್ತಿತ್ತು.

ಹತ್ತು ವರ್ಷ ಕಾದಾಡಿ ಸುಸ್ತಾದವರ ಹಡಗೊಂದು ಊರಿಗೆ ಹೊರಟಿತು. ನಾಯಕ ಒಬ್ಬ, ಹುಟ್ಟು ಹಾಕುವವರು ಐವತ್ತು ಜನ. ದಾರಿ ತನಗೆ ಗೊತ್ತು ಎಂದ ನಾಯಕ. ಹಡಗು ಬಂಡೆಗೆ ಬಡಿದು ಮುಳುಗಿತು. ಹಾಡುಗಾರರು ನಾಯಕನ ಮೇಲೆ ಮೂರು ದಿನ ಹಾಡುವಷ್ಟು ಉದ್ದದ ಹಾಡು ಕಟ್ಟಿದರು. ಉಳಿದ ಐವತ್ತು ಜನರನ್ನು 'ಮತ್ತು ಇತರರು' ಎಂದರು.

ಆ ಇತರರಲ್ಲಿ ಒಬ್ಬ ಕ್ರಾಟಿನ. ಮುಳುಗುತ್ತಾ ಸಮುದ್ರಕ್ಕೆ ಹೇಳಿದ: "ದಡದಲ್ಲಿ ನನ್ನ ಹೆಂಡತಿ ಫಿಲಿನ್ನ ಇದ್ದಾಳೆ. ಇನ್ನು ಕಾಯಬೇಡ ಅಂತ ಹೇಳಿಬಿಡು."

"ನನಗೆ ನಡೆದು ಅಭ್ಯಾಸವಿಲ್ಲ," ಎಂದಿತು ಸಮುದ್ರ.

"ನನಗೂ ಮುಳುಗಿ ಅಭ್ಯಾಸವಿಲ್ಲ," ಎಂದ ಕ್ರಾಟಿನ.

ಸಮುದ್ರ ಮೆಲ್ಲಗೆ ಎದ್ದಿತು. ಬಾಗಿತು, ಬಿದ್ದಿತು, ಮತ್ತೆ ಎದ್ದಿತು. ಲೋಕದ ಮೊದಲ ಅಲೆ ಹೀಗೆ ಫಿಲಿನ್ನಳ ಬಾಗಿಲಿಗೆ ಬಂತು.

ಫಿಲಿನ್ನ ಹತ್ತು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು: ಗಂಡ ಇದ್ದಾನೋ, ಇಲ್ಲವೋ. ಸಮುದ್ರವೇ ಬಾಗಿಲಲ್ಲಿ ನಿಂತಾಗ, ಸುದ್ದಿ ತಂದಿದೆ ಎಂದು ಅವಳಿಗೆ ಗೊತ್ತಾಯಿತು.

ಆದರೆ ಅವರ ನಾಡಿನಲ್ಲಿ ಒಂದು ಕಟ್ಟಳೆ. ಅತಿಥಿ ಹೊಟ್ಟೆ ತುಂಬ ಉಣ್ಣುವ ತನಕ 'ಯಾರು, ಯಾಕೆ ಬಂದೆ' ಎಂದು ಕೇಳುವ ಹಾಗಿಲ್ಲ. ಅತಿಥಿಯೂ ಹೇಳುವ ಹಾಗಿಲ್ಲ.

"ಕೂತ್ಕೋ. ಮೊದಲು ಊಟ," ಎಂದಳು.

ಸಮುದ್ರ ರೊಟ್ಟಿ ತಿಂದಿತು. ಹೊಟ್ಟೆ ತುಂಬಲಿಲ್ಲ. ಆಲಿವ್ ಕಾಯಿ ತಿಂದಿತು, ಜಾಡಿ ಸಮೇತ. ಹೊಟ್ಟೆ ತುಂಬಲಿಲ್ಲ. ಬೇಲಿ ತಿಂದಿತು, ಹೊಸ್ತಿಲು ತಿಂದಿತು. ಹೊಟ್ಟೆ ತುಂಬಲಿಲ್ಲ.

ಮನೆಯ ಮಾಡಿನ ಮೇಲೆ ಕೂತಿದ್ದ ಕಡಲಹಕ್ಕಿಗೆ ನೋಡಿ ನೋಡಿ ಸಾಕಾಯಿತು. "ಕೇಳಿಬಿಡು ಮಾರಾಯ್ತಿ. ಅದು ಸಮುದ್ರ. ಅದಕ್ಕೆಲ್ಲಿಯ ಹೊಟ್ಟೆ ತುಂಬೋದು?"

"ಉಣ್ಣುವವರನ್ನು ಕೇಳಬಾರದು," ಎಂದಳು ಫಿಲಿನ್ನ.

"ಮನೆ ಅರ್ಧ ಹೋಯ್ತು."

"ಇನ್ನರ್ಧ ಇದೆಯಲ್ಲ."

"ನಾನು ಕೂತಿರೋದು ಆ ಅರ್ಧದ ಮೇಲೆ," ಎಂದಿತು ಹಕ್ಕಿ.

ಕೊನೆಯ ಗೋಡೆಯೂ ಹೋದ ಮೇಲೆ ಫಿಲಿನ್ನ ಮರಳಿನಲ್ಲಿ ಕುಸಿದು ಕೂತಳು. "ಸಾಕು. ಅವನಿದ್ದಾನೋ ಇಲ್ಲವೋ, ಹೇಳು."

ಸಮುದ್ರ ಪೆಚ್ಚಾಯಿತು. ಊಟದ ನಡುವೆ ಪ್ರಶ್ನೆ ಬಂದರೆ ಅತಿಥಿ ಎದ್ದು ಹೋಗಿ, ಕೈ ತೊಳೆದು, ಮತ್ತೆ ಬಂದು ಮೊದಲಿನಿಂದ ಉಣ್ಣಬೇಕು. ಏಳುವಾಗ ಮನೆಯವರಿಗೆ ಏನಾದರೂ ಕೊಡಬೇಕು. ಇವೂ ಕಟ್ಟಳೆಗಳೇ. ಕಟ್ಟಳೆ ಮಾಡಿದವರಿಗೆ ಬೇರೆ ಕೆಲಸ ಇದ್ದಂತಿಲ್ಲ.

ಸಮುದ್ರ ತನ್ನೊಳಗೆ ತಡಕಾಡಿತು. ಹಿಂದೆ ಸರಿಯುವಾಗ ಅವಳ ಕಾಲ ಬಳಿ ಒಂದು ತೊಗಲಿನ ಪಟ್ಟಿ ಬಿಟ್ಟಿತು. ಹುಟ್ಟನ್ನು ಹಡಗಿಗೆ ಕಟ್ಟುವ ಪಟ್ಟಿ. ಗಂಡ ಯುದ್ಧಕ್ಕೆ ಹೊರಟ ದಿನ ಅದಕ್ಕೆ ಗಂಟು ಹಾಕಿ ಕೊಟ್ಟವಳು ಫಿಲಿನ್ನಳೇ. ಹುಟ್ಟು ಹಾಕುವವನು ಜೀವ ಇರುವ ತನಕ ಅದನ್ನು ಕೈಬಿಡುವುದಿಲ್ಲ.

ಅವಳು ಗಂಟಿನ ಮೇಲೆ ಬೆರಳಾಡಿಸುತ್ತಾ ತುಂಬ ಹೊತ್ತು ಕೂತಿದ್ದಳು. ಆಮೇಲೆ, "ಗೊತ್ತಾಯಿತು. ಇನ್ನು ಬರಬೇಡ," ಎಂದಳು. ಪಟ್ಟಿಯನ್ನು ಸೊಂಟಕ್ಕೆ ಸುತ್ತಿಕೊಂಡು ಗುಡ್ಡ ಹತ್ತಿದಳು. ಅಲ್ಲಿ ಒಂದು ಮರದ ಕೆಳಗೆ ಮಲಗಿ, ಮರುದಿನ ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು.

ಸಮುದ್ರಕ್ಕೆ ಅವಳ ಮಾತು ಕೇಳಿಸಲಿಲ್ಲ. ಅದು ದೂರದಲ್ಲಿ ಕೈ ತೊಳೆಯುತ್ತಿತ್ತು.

ಅದಕ್ಕೇ ಇವತ್ತಿಗೂ ನೀನು ದಡದಲ್ಲಿ ನಿಂತರೆ, ಅಲೆ ಬಂದು ನಿನ್ನ ಪಾದದಡಿಯ ಮರಳು ತಿನ್ನುತ್ತದೆ, ಒಂದು ಚಿಪ್ಪು ಇಟ್ಟು ಹಿಂದೆ ಸರಿಯುತ್ತದೆ, ಹೇಳಬೇಕಾದದ್ದನ್ನು ಇನ್ನೂ ಹೇಳದೆ ಮತ್ತೆ ಬರುತ್ತದೆ.