ಗೋಂದು ಹಚ್ಚಿದ ಹಡಗು

"ಗುರುಗಳೇ, ಮಗುವಿನ ಮನಸ್ಸಿನಿಂದ ಭಯವನ್ನು ತೆಗೆದುಹಾಕುವುದು ಹೇಗೆ?" ಎಂದು ಶಿಷ್ಯ ಕೇಳಿದ. ಅವನು ಆಶ್ರಮದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ.

"ತೆಗೆದು ಎಲ್ಲಿ ಹಾಕಬೇಕೆಂದಿದ್ದೀಯೋ?" ಎಂದರು ಗುರುಗಳು. "ಸರಿ, ಕೂತುಕೋ. ನಿಂತವರಿಗೆ ನಾನು ಕತೆ ಹೇಳುವುದಿಲ್ಲ" ಎಂದು ಶುರುಮಾಡಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬರು ಮೇಷ್ಟ್ರು ಇದ್ದರು. ಒಳ್ಳೆಯವರು. ಪುಸ್ತಕ ಓದಿ ಒಪ್ಪಿಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಏನೇ ಆದರೂ ಮಕ್ಕಳು ತಮ್ಮ ಕೈಯಿಂದ ಮಾಡಿ ಕಲಿಯಬೇಕು ಎನ್ನುತ್ತಿದ್ದರು. ಒಂದು ದಿನ ಟೈಟಾನಿಕ್ ಹಡಗಿನ ಪಾಠ ಬಂತು. ಮುಳುಗುವುದೇ ಇಲ್ಲ ಎಂದು ಜನ ನಂಬಿದ್ದ ಹಡಗು ಮೊದಲ ಪಯಣದಲ್ಲೇ ಹಿಮದ ಗುಡ್ಡಕ್ಕೆ ತಾಗಿ ಮುಳುಗಿತಲ್ಲ, ಅದೇ.

ಮೇಷ್ಟ್ರು ರಟ್ಟು, ಕತ್ತರಿ, ಗೋಂದು, ಬಣ್ಣ ಎಲ್ಲ ತಂದರು. ಮಕ್ಕಳು ಹಾಳೆಗೆ ನೀಲಿ ಬಳಿದರು, ಅದು ಕಡಲು. ಥರ್ಮಾಕೋಲ್ ಮುರಿದು ಅಂಟಿಸಿದರು. ಅದು ಹಿಮದ ಗುಡ್ಡ. ರಟ್ಟಿನಲ್ಲಿ ಹಡಗು ಕತ್ತರಿಸಿದರು. ಆಮೇಲೆ ಮೇಷ್ಟ್ರು ತಮ್ಮ ಜಾಣತನ ತೋರಿಸಿದರು. ನೀಲಿ ಹಾಳೆಯಲ್ಲಿ ಒಂದು ಸೀಳು ಕೊಯ್ದು, ಹಡಗನ್ನು ಅದರೊಳಗೆ ಸಿಕ್ಕಿಸಿ ನಿಲ್ಲಿಸಿದರು. ಹಿಂದಿನಿಂದ ಎಳೆದರೆ ಹಡಗು ಮೆಲ್ಲಗೆ ಕಡಲಿನೊಳಗೆ ಇಳಿಯುತ್ತಿತ್ತು. ಮಕ್ಕಳು ಹೋ ಎಂದು ಕೂಗಿದರು. ತರಗತಿಯ ತುಂಬ ಹಡಗುಗಳು ಮುಳುಗಿದವು, ಎದ್ದವು, ಮತ್ತೆ ಮುಳುಗಿದವು. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು.

ಒಬ್ಬ ಹುಡುಗಿಯ ಹಡಗು ಮಾತ್ರ ಇಳಿಯಲಿಲ್ಲ. ಹೆಸರು ಬೇಕೆ? ಸುಗಂಧಿ ಎಂದಿಟ್ಟುಕೋ. ಮೀನುಗಾರನ ಮಗಳು. ಮೇಷ್ಟ್ರು ಬಂದು ಎಳೆದು ನೋಡಿದರು. ಅವಳು ಸೀಳಿನ ಉದ್ದಕ್ಕೂ ಗೋಂದು ಮೆತ್ತಿ ಹಡಗನ್ನು ಕಡಲಿಗೆ ಅಂಟಿಸಿಬಿಟ್ಟಿದ್ದಳು.

"ಎಲ್ಲ ಕೆಡಿಸಿಬಿಟ್ಟೆಯಲ್ಲೇ!" ಎಂದು ಗದರಿ ಮೇಷ್ಟ್ರು ಮುಂದಿನ ಮಗುವಿನ ಕಡೆ ಹೋದರು. ನೋಡು, ನೀವು ಮೇಷ್ಟ್ರುಗಳೆಲ್ಲ ಹೀಗೇ! ಹುಡುಗಿ ಹೇಳಬೇಕಾದದ್ದನ್ನೆಲ್ಲ ಗೋಂದಿನಲ್ಲೇ ಹೇಳಿಯಾಗಿತ್ತು. ಅವರಿಗೆ ಕಂಡದ್ದು ಕೆಟ್ಟುಹೋದ ಹಾಳೆ ಮಾತ್ರ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹಡಗು ಮುಳುಗಿತು ಎನ್ನುವಲ್ಲಿಗೆ ಪಾಠವೂ ಮುಗಿಯಿತು.

ಮರುದಿನ ಬೆಳಿಗ್ಗೆ ಮೀನುಗಾರ ಶಾಲೆಯ ಬಾಗಿಲಿಗೆ ಬಂದ. ಅವನ ಸೊಂಟವನ್ನು ಎರಡೂ ಕೈಯಿಂದ ತಬ್ಬಿಕೊಂಡು ಮಗಳೂ ಬಂದಳು.

"ಮಾಸ್ಟ್ರೇ, ಇವಳಿಗೆ ಏನು ಕಲಿಸಿದಿರಿ ನೀವು? ನಿನ್ನೆಯಿಂದ ನನ್ನನ್ನು ಬಿಡುತ್ತಿಲ್ಲ. ದೋಣಿ ಹತ್ತಲು ಹೋದರೆ ಕಿರುಚುತ್ತಾಳೆ. ಉಳಿದವರೆಲ್ಲ ಹೋಗಿಯಾಯಿತು. ನಾನು ಕಡಲಿಗೆ ಇಳಿಯದಿದ್ದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ?"

ನಿನ್ನೆಯ ಗೋಂದು ಏಕೆಂದು ಮೇಷ್ಟ್ರಿಗೆ ಈಗ ತಿಳಿಯಿತು. ನಾಚಿಕೆಯಾಯಿತು. ಅವಳೆದುರು ಕುಕ್ಕರಗಾಲಲ್ಲಿ ಕೂತು ಹೇಳಿದರು: "ಹೆದರಬೇಡಮ್ಮ. ನಮ್ಮ ಕಡಲಿನಲ್ಲಿ ಹಿಮದ ಗುಡ್ಡಗಳೇ ಇಲ್ಲ."

"ಗುಡ್ಡ ಇಲ್ಲದಿದ್ದರೆ ದೋಣಿ ಮುಗುಚುವುದಿಲ್ಲವಾ ಮಾಸ್ಟ್ರೇ?"

ಆ ಊರಿನ ಮಗುವಿಗೆ ಈ ವಿಷಯದಲ್ಲಿ ಸುಳ್ಳು ಹೇಳಲು ಯಾರಿಂದಾದೀತು? ಮೇಷ್ಟ್ರು ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದ.

"ಮುಗುಚುತ್ತದೆ" ಎಂದರು ಮೇಷ್ಟ್ರು. "ಆದರೆ ನಿನ್ನೆ ನಾನು ಹೇಳಿದ್ದು ಅರ್ಧ ಕತೆ. ಆ ಹಡಗು ರೇಡಿಯೋದಲ್ಲಿ ಕೂಗಿದ್ದು ದೂರದ ಇನ್ನೊಂದು ಹಡಗಿಗೆ ಕೇಳಿಸಿತು. ಅದು ಕತ್ತಲಲ್ಲಿ ಹಿಮದ ನಡುವೆಯೇ ಓಡೋಡಿ ಬಂತು. ತುಂಬ ಜನ ಸತ್ತಿದ್ದರು, ನಿಜ. ಆದರೆ ಸಣ್ಣ ದೋಣಿಗಳಲ್ಲಿ ಕೂತಿದ್ದ ನೂರಾರು ಜನರನ್ನು ಅದು ಎತ್ತಿಕೊಂಡಿತು."

ಹಡಗು ಮುಳುಗಿಸುವ ಆಟದ ಗದ್ದಲದಲ್ಲಿ ಆ ಭಾಗ ಅವರಿಗೆ ಮರೆತೇಹೋಗಿತ್ತು. ಬದುಕಿಸಲು ಬಂದ ಹಡಗಿಗೆ ಒಂದು ತುಂಡು ರಟ್ಟನ್ನೂ ಅವರು ಕೊಟ್ಟಿರಲಿಲ್ಲ.

"ಸಣ್ಣ ದೋಣಿಗಳು ಅದಕ್ಕೆ ಹೇಗೆ ಕಂಡವು?" ಎಂದು ಹುಡುಗಿ ಕೇಳಿದಳು.

"ಒಂದು ದೋಣಿಯವರು ಹಸಿರು ದೀವಟಿಗೆ ಉರಿಸಿ ತೋರಿಸಿದರು."

ಹುಡುಗಿ ಅಪ್ಪನ ಸೊಂಟದಿಂದ ಒಂದು ಕೈ ಬಿಟ್ಟಳು. "ಅಪ್ಪಾ, ನಿನ್ನ ದೋಣಿಯಲ್ಲಿ ಹಾಗೆ ಕಾಣುವುದು ಏನಿದೆ?"

"ಟಾರ್ಚ್ ಇದೆಯಲ್ಲ ಮಗಾ."

"ಹಗಲಿಗೆ?"

"ಹಗಲಿಗೆ ಒಂದು ಬಣ್ಣದ ಬಟ್ಟೆ ಕಟ್ಟಿದರಾಯಿತು" ಎಂದರು ಮೇಷ್ಟ್ರು.

ಆ ದಿನ ಲೆಕ್ಕದ ಪಾಠ ನಡೆಯಲಿಲ್ಲ. ದೂರಕ್ಕೆ ಕಾಣುವ ಬಣ್ಣ ಯಾವುದೆಂದು ಮಕ್ಕಳಲ್ಲಿ ಜಗಳ ಹತ್ತಿತು. ಒಬ್ಬ ಹಳದಿ ಎಂದ, ಇನ್ನೊಬ್ಬಳು ಕೆಂಪು ಎಂದಳು. ಮೇಷ್ಟ್ರು ಬೇರೆ ಬೇರೆ ಬಣ್ಣದ ಹಾಳೆ ಕೊಟ್ಟು ಅರ್ಧ ಮಕ್ಕಳನ್ನು ಮರಳದಂಡೆಯ ಆ ತುದಿಗೆ ಓಡಿಸಿದರು. ಈ ತುದಿಯಲ್ಲಿ ನಿಂತವರು ಕಣ್ಣು ಕಿರಿದು ಮಾಡಿ ನೋಡಿ, ಕಿತ್ತಳೆ ಬಣ್ಣವೇ ಸೈ ಎಂದು ತೀರ್ಪು ಕೊಟ್ಟರು. ಮೇಷ್ಟ್ರು ಮನೆಯಿಂದ ಹಳೆಯ ಬಿಳಿ ಹೊದಿಕೆ ತಂದರು. ಶಾಲೆಯ ಬಣ್ಣ ನೀರಿಗೆ ಬಿಟ್ಟುಹೋಗುತ್ತದಲ್ಲ, ಅದಕ್ಕೆ ಮೀನುಗಾರ ದೋಣಿಗೆ ಬಳಿದು ಉಳಿದಿದ್ದ ಕಿತ್ತಳೆ ಬಣ್ಣದ ಡಬ್ಬಿ ತಂದುಕೊಟ್ಟ. ಮಕ್ಕಳೆಲ್ಲ ಸೇರಿ ಬಳಿದರು. ಹೊದಿಕೆಗಿಂತ ಹೆಚ್ಚು ಬಣ್ಣ ಅಂಗಿ ಲಂಗಗಳಿಗೇ ಹತ್ತಿತು. ಸಂಜೆ ಊರಿನ ತಾಯಂದಿರು ಮೇಷ್ಟ್ರನ್ನು ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡರೂ ಮೇಷ್ಟ್ರು ಆ ರಾತ್ರಿ ನೆಮ್ಮದಿಯಿಂದ ಮಲಗಿದರು.

ಬಟ್ಟೆ ಒಣಗಿದ ಮೇಲೆ ಮೀನುಗಾರ ಅದನ್ನು ಬಿಡಿಸಿ ನೋಡಿದ. "ಇಷ್ಟು ದೊಡ್ಡದು ಕಟ್ಟಿಕೊಂಡು ಹೋದರೆ ಮದುವೆ ದಿಬ್ಬಣ ಅಂದುಕೊಂಡಾರು!" ಎಂದ. ಆದರೂ ದೋಣಿಯ ಒಂದು ಬಿದಿರು ಗಳಕ್ಕೆ ಕಟ್ಟಿದ. ಸುಗಂಧಿ ಗಂಟನ್ನು ಜಗ್ಗಿ ನೋಡಿ, ಸಾಲದು ಎಂದಳು. ಅಪ್ಪ ಇನ್ನೊಂದು ಗಂಟು ಹಾಕಿದ. ಅವಳು ಮತ್ತೆ ಜಗ್ಗಿ ನೋಡಿದಳು.

"ಈಗ ಹೋಗು" ಎಂದಳು.

ದೋಣಿ ಹೋಯಿತು. ಅವಳು ಕಿರುಚಲಿಲ್ಲ. ಬಟ್ಟೆ ಕಣ್ಣಿಗೆ ಮರೆಯಾಗುವವರೆಗೂ ದಂಡೆಯಲ್ಲಿ ನಿಂತಿದ್ದು, ಆಮೇಲೆ ಶಾಲೆಗೆ ಓಡಿದಳು.

ಗುರುಗಳು ನೀರು ಕುಡಿದರು. ಶಿಷ್ಯ ಮುಂದಕ್ಕೆ ಬಾಗಿ, "ಆಮೇಲೆ ಆ ಬಟ್ಟೆಯಿಂದ ಮೀನುಗಾರನ ಜೀವ ಉಳಿಯಿತೇ ಗುರುಗಳೇ?" ಎಂದ.

"ಎಲಾ ಇವನ! ನಿನಗೂ ಒಂದು ದೋಣಿ ಮುಳುಗಲೇಬೇಕು ನೋಡು" ಎಂದು ಗುರುಗಳು ನಕ್ಕರು. "ಏನೂ ಆಗಲಿಲ್ಲ ಮಾರಾಯ. ಅವನು ಹೋದ, ಬಂಗುಡೆ ಮೀನು ಹಿಡಿದ, ಬಂದ. ಉಳಿದ ಮಕ್ಕಳೂ ಹಟ ಹಿಡಿದರು. ಈಗ ಆ ಊರಿನ ದೋಣಿಗಳಲ್ಲೆಲ್ಲ ಮಕ್ಕಳು ಬಳಿದ ಬಟ್ಟೆ ಇದೆ. ಸುಗಂಧಿಯಂತೂ ಗಂಟು ಜಗ್ಗಿ ನೋಡದೆ ಅಪ್ಪನನ್ನು ಇವತ್ತಿಗೂ ಕಳಿಸುವುದಿಲ್ಲ."

ಶಿಷ್ಯನಿಗೆ ಸಮಾಧಾನವಾಯಿತು. "ಅಂತೂ ಆ ಮಗುವಿನ ಭಯ ಹೋಯಿತಲ್ಲ" ಎಂದ.

"ಹೋಗಿಲ್ಲವೋ" ಎಂದರು ಗುರುಗಳು. "ಅದಕ್ಕೆ ಕೆಲಸ ಸಿಕ್ಕಿದೆ."