ಕಾಲು ಜಾರದ ಸೇಸಕ್ಕ

ಬಾಗಿಲು ಒಂಚೂರು ಮುಂದೆ ಮಾಡಿ. ಹತ್ತಿರ ಬನ್ನಿ, ಇನ್ನೂ ಹತ್ತಿರ. ಈ ಮಾತು ಈ ಜಗಲಿ ದಾಟಬಾರದು. ದಾಟುತ್ತದೆ, ಗೊತ್ತುಂಟು. ದಾಟಿದರೂ ಇಂಥವರ ಬಾಯಿಂದ ಬಂತು ಅಂತ ಮಾತ್ರ ಹೇಳಬೇಡಿ, ದೇವರ ಆಣೆ. ಈ ಕತೆಯ ತುಂಗಕ್ಕನ ಮೊಮ್ಮಕ್ಕಳು ಈಗ ನಮ್ಮ ಕೇರಿಯಲ್ಲೇ ಇದ್ದಾರೆ. ಬಾಯಿ ಅಜ್ಜಿಯದೇ.

ಹಿಂದೆ, ಬಹಳ ಹಿಂದೆ, ಹೊಳೆ ಹೋಗಿ ಕಡಲಿಗೆ ಬೀಳುವಲ್ಲಿ ಒಂದು ಊರಿತ್ತು. ಊರಿಗೆ ಮೇಲ್ಕೇರಿ, ಕೆಳಕೇರಿ ಅಂತ ಎರಡು ಕೇರಿ. ಎರಡರಲ್ಲೂ ದೋಣಿ, ಬಲೆ, ಮೀನು, ಜಗಳ. ಮೇಲ್ಕೇರಿಯಲ್ಲಿ ಸೇಸಕ್ಕ ಅಂತ ಒಬ್ಬಳಿದ್ದಳಂತೆ. ತಲೆಯ ಮೇಲೆ ಮೀನಿನ ಬುಟ್ಟಿ, ಸೊಂಟದಲ್ಲಿ ಎಲೆಯಡಿಕೆ ಸಂಚಿ, ಹಿಂದೆ ಮುಂದೆ ಯಾರೂ ಇಲ್ಲ. ಗಂಡ ಇದ್ದ, ಹೋದ. ಹೋದದ್ದು ಹೇಗೆ ಅಂತ ತಿಳಿಯದೆ ಈ ಕತೆ ತಿಳಿಯುವುದಿಲ್ಲ.

ಆಸಾಡಿ ತಿಂಗಳು ಬಂತೆಂದರೆ ಕಡಲಿಗೆ ಮೈಮೇಲೆ ದೈವದ ದರ್ಶನ ಬಂದ ಹಾಗೆ. ದೊಡ್ಡ ದೋಣಿಗಳೆಲ್ಲ ದಡಕ್ಕೆ ಹತ್ತಿ ತೆಂಗಿನ ಮಡಲಿನ ಚಪ್ಪರದಡಿ ಕೂರುತ್ತವೆ. ಕೈಯಲ್ಲಿ ಕೆಲಸ ಇಲ್ಲದ ಗಂಡುಮಕ್ಕಳ ತಲೆಯಲ್ಲಿ ಮಾತ್ರ ಕಡಲು ಕುಣಿಯುತ್ತಲೇ ಇರುತ್ತದೆ. ಅದಕ್ಕೊಂದು ಪಂಥ ಇತ್ತಂತೆ. ಆಸಾಡಿ ಅಮಾಸೆ ದಿನ ಮೇಲ್ಕೇರಿಯದೊಂದು ಸಣ್ಣ ದೋಣಿ, ಕೆಳಕೇರಿಯದೊಂದು. ಹೊಳೆ ಕಡಲು ಸೇರುವ ಅಳಿವೆ ಇದೆಯಲ್ಲ, ಅದನ್ನು ದಾಟಿ ಆಚೆಯ ಕಡಲ ನೀರನ್ನು ಕೊಡದಲ್ಲಿ ತುಂಬಿಸಿ ಯಾರು ಮೊದಲು ತರುತ್ತಾರೋ ಅವರು ಗಂಡಸರು. ತರದವರು ವರ್ಷವಿಡೀ ತಲೆ ತಗ್ಗಿಸಬೇಕು. ಕೆಲವರಿಗೆ ತಗ್ಗಿಸಲು ತಲೆಯೂ ಉಳಿಯುತ್ತಿರಲಿಲ್ಲ. ಸೇಸಕ್ಕನ ಗಂಡ ಮೈಯ ಮೇಲಿನ ಮದುವೆಯ ಅರಸಿನ ಆರುವ ಮೊದಲೇ ಹೀಗೆ ಹೋದವನು. ಹೆಣ ಸಿಗಲಿಲ್ಲ. ಕೊಡ ಸಿಕ್ಕಿತಂತೆ.

ಅಲ್ಲಿಂದ ಮುಂದೆ ಪ್ರತಿ ಆಸಾಡಿಗೆ ಸೇಸಕ್ಕ ಪಂಥದ ಹುಡುಗರ ಕಾಲು ಹಿಡಿಯುತ್ತಿದ್ದಳಂತೆ, ಬೇಡ ಮಕ್ಕಳೇ ಅಂತ. ಹುಡುಗರು ನಗುತ್ತಿದ್ದರಂತೆ. ಹೆಂಗಸಿನ ಮಾತು ಕೇಳಿ ದೋಣಿ ಇಳಿದವ ಅಂತ ಹೆಸರು ಬಂದರೆ ಹೆಣ್ಣು ಕೊಡುವವರು ಯಾರು? ಹಾಗಾಗಿ ಆಕೆ ಬೇಡುವುದನ್ನು ಬಿಟ್ಟಳು. ಬೇಡ ಅಂದರೆ ನಿಲ್ಲುವವರಲ್ಲ, ಬೇರೆ ಏನಾದರೂ ಕೊಡಬೇಕು ಅಂತ ಅವಳಿಗೆ ಹೊಳೆಯಿತು. ಏನು ಕೊಡುವುದು ಅಂತ ಮಾತ್ರ ಹೊಳೆಯಲಿಲ್ಲ.

ಊರ ಕೊನೆಯಲ್ಲಿ ಐಸ್ ಫ್ಯಾಕ್ಟರಿ ಇತ್ತು. ಅದರ ಯಂತ್ರ ನೋಡಿಕೊಳ್ಳುವವ ಲಾದ್ರು ಪೊರ್ಬು. ಮದುವೆ ಇಲ್ಲ, ಮಕ್ಕಳಿಲ್ಲ, ದೊಡ್ಡ ಹಡಗಿನಲ್ಲಿ ದುಡಿದು ದೇಶ ತಿರುಗಿ ಬಂದವ. ಒಮ್ಮೆ ಯಾವುದೋ ಚಳಿದೇಶದ ಬಂದರಿನಲ್ಲಿ ನೀರೇ ಹೆಪ್ಪುಗಟ್ಟಿ ಹಡಗು ಸಿಕ್ಕಿಕೊಂಡಿತಂತೆ. ಅಲ್ಲಿಯ ಮಕ್ಕಳು ಕಾಲಿಗೆ ಕತ್ತಿ ಕಟ್ಟಿಕೊಂಡು ಕೋಲು ಹಿಡಿದು, ಹೆಪ್ಪುಗಟ್ಟಿದ ನೀರಿನ ಮೇಲೆ ಹಾಕಿ ಅನ್ನುವ ಆಟ ಆಡುತ್ತಿದ್ದರಂತೆ. ಚೆಂಡಿಲ್ಲ, ಚೆಂಡಿನ ಬದಲು ಕಪ್ಪು ಬಿಲ್ಲೆ. ಪೊರ್ಬು ಇದನ್ನು ಹೇಳಿದಾಗಲೆಲ್ಲ ಊರು ಹೊಟ್ಟೆ ಹಿಡಿದು ನಗುತ್ತಿತ್ತು. ಪೊರ್ಬು ಹಡಗಿನಲ್ಲಿ ಕುಡಿದದ್ದು ಇನ್ನೂ ಇಳಿದಿಲ್ಲ ಅನ್ನುತ್ತಿತ್ತು. ಸೇಸಕ್ಕ ನಗಲಿಲ್ಲ. ಅವಳು ಕೇಳಿದ್ದು ಒಂದೇ ಮಾತಂತೆ: ಆ ಮಕ್ಕಳು ಬಿದ್ದರೆ ಮುಳುಗುತ್ತಾರಾ? ಇಲ್ಲ, ಸೊಂಟ ಮುರಿಯಬಹುದು, ಮುಳುಗುವುದಿಲ್ಲ ಅಂದನಂತೆ ಪೊರ್ಬು. ಸೇಸಕ್ಕನಿಗೆ ಅಷ್ಟೇ ಸಾಕಾಯಿತು.

ಈಗ ಕಿವಿ ಇತ್ತ ತನ್ನಿ. ಆ ವರ್ಷ ಆಸಾಡಿ ಬಂದದ್ದೇ ಸೇಸಕ್ಕ ದಿನಾ ಐಸ್ ಫ್ಯಾಕ್ಟರಿಗೆ ಹೋಗಲು ಶುರು ಮಾಡಿದಳು. ಮೀನಿಲ್ಲದ ಕಾಲದಲ್ಲಿ ಐಸ್ ಯಾರಿಗೆ ಬೇಕು, ಹೇಳಿ? ಯಂತ್ರಕ್ಕೆ ತುಕ್ಕು ಹಿಡಿಯಬಾರದೆಂದು ಪೊರ್ಬು ಅದನ್ನು ಓಡಿಸುತ್ತಿದ್ದ, ಸರಿ. ಸೇಸಕ್ಕನಿಗೆ ಅಲ್ಲೇನು ತುಕ್ಕು? ಹೋಗುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತದೆ. ಬರುವಾಗ ಕೆನ್ನೆ ಕೆಂಪು, ಸೀರೆ ಒದ್ದೆ, ನಡೆ ಕುಂಟು. ಪಕ್ಕದ ಮನೆಯ ತುಂಗಕ್ಕ ಇದನ್ನೆಲ್ಲ ಬೇಲಿಯ ಸಂದಿಯಿಂದ ನೋಡಿದಳು. ತುಂಗಕ್ಕ ನೋಡಿದಳೆಂದರೆ ಊರು ನೋಡಿದ ಹಾಗೆ.

"ಸೇಸಿಯ ಕಾಲು ಜಾರಿದೆ ಮಾರಾಯ್ತಿ," ಅಂದಳಂತೆ ಬಾವಿಕಟ್ಟೆಯಲ್ಲಿ. "ಈ ಪ್ರಾಯದಲ್ಲಿ! ಅದೂ ಐಸಿನ ಕೋಣೆಯಲ್ಲಿ! ಚಳಿಯಾದರೂ ಆಗೂದಿಲ್ವಾ?"

"ಇಬ್ಬರಿದ್ದರೆ ಎಂತ ಚಳಿ?" ಅಂದಳಂತೆ ಇನ್ನೊಬ್ಬಳು.

ಅದೇ ಹೊತ್ತಿಗೆ ಇನ್ನೊಂದು ಗಲಾಟೆ. ಮನೆಮನೆಯಿಂದ ಮೆಟ್ಟುಕತ್ತಿ ಮಾಯವಾಗತೊಡಗಿತು. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ಮೀನು ಕೊಯ್ಯುವ ಕತ್ತಿ, ಅದಿಲ್ಲದೆ ಅಡಿಗೆಮನೆ ನಡೆಯುತ್ತದಾ? ಇವತ್ತು ಈ ಮನೆಯದು, ನಾಳೆ ಆ ಮನೆಯದು. ಕೊನೆಗೆ ತುಂಗಕ್ಕನದೂ ಹೋಯಿತು. ಅದು ಅವಳ ತವರಿನಿಂದ ಬಂದ ಕತ್ತಿ, ಹೇಳಿಕೊಂಡು ಮೆರೆಯುತ್ತಿದ್ದದ್ದು. ಕದ್ದದ್ದು ಸೇಸಕ್ಕನೇ. ಕೇಳಿ ಪಡೆಯಬಹುದಿತ್ತಲ್ಲ ಅನ್ನುತ್ತೀರಿ. ಕೇಳಿದರೆ ಯಾಕೆ ಅಂತ ಹೇಳಬೇಕು, ಹೇಳಿದರೆ ಹುಡುಗರ ಕಿವಿಗೆ ಬೀಳುತ್ತದೆ, ಬಿದ್ದರೆ ಮತ್ತದೇ ನಗು. ಹಾಗಾಗಿ ಕದ್ದಳು. ನೋಡಿಯೇ ಕದ್ದಳಂತೆ: ಪಂಥದ ದೋಣಿಗೆ ಹುಟ್ಟು ಹಾಕುವ ಮಗ ಯಾರ ಮನೆಯಲ್ಲಿದ್ದಾನೋ ಆ ಮನೆಯದು ಮಾತ್ರ. ಮೇಲ್ಕೇರಿಯ ದೋಣಿಗೆ ಆ ವರ್ಷ ಮುಂದಾಳು ತುಂಗಕ್ಕನ ಒಬ್ಬನೇ ಮಗ, ಮಾಬ್ಲ.

ತುಂಗಕ್ಕ ಎರಡಕ್ಕೆ ಎರಡು ಸೇರಿಸಿ ಹತ್ತು ಮಾಡಿದಳು. ಕತ್ತಿಯೂ ಅಲ್ಲಿ, ಕಳ್ಳಿಯೂ ಅಲ್ಲಿ, ಕಳ್ಳಾಟವೂ ಅಲ್ಲಿ. ಗುರಿಕಾರರನ್ನು ಕರೆದಳು. ಗುರಿಕಾರರೆಂದರೆ ಕೇರಿಯ ಹಿರಿಯರು, ಅವರು ಹೊರಗೆ ಅಂದರೆ ಹೊರಗೆ, ನೀರು ಬೆಂಕಿ ಎಲ್ಲ ಬಂದ್. ಇಂಥವಳು ಕೇರಿಯಲ್ಲಿರಬಾರದು, ಕಣ್ಣಾರೆ ತೋರಿಸುತ್ತೇನೆ ಬನ್ನಿ ಅಂದಳಂತೆ. ಗುರಿಕಾರರು ಮುಂದೆ, ತುಂಗಕ್ಕ ಜೊತೆಗೆ, ಹಿಂದೆ ಎರಡೂ ಕೇರಿ. ಹುಡುಗರೂ ಬಂದರು. ಇಂಥಾ ನೋಟ ಯಾರು ಬಿಡುತ್ತಾರೆ? ಮಳೆಯಲ್ಲಿ ಗೊರಬು ಹೊದ್ದುಕೊಂಡು ಮೆರವಣಿಗೆ ಹೊರಟ ಹಾಗೆ ಹೊರಟರಂತೆ.

ಬಾಗಿಲು ದೂಡಿದರು. ಒಳಗೆ ನುಗ್ಗಿದರು.

ನುಗ್ಗಿದ್ದಷ್ಟೇ ನೆನಪು. ಮೊದಲು ಗುರಿಕಾರರು ಅಂಗಾತ. ಅವರ ಮೇಲೆ ತುಂಗಕ್ಕ. ತುಂಗಕ್ಕನ ಮೇಲೆ ಕೆಳಕೇರಿಯ ದೊಡ್ಡವರು. ಹಿಂದಿನವರು ಮುಂದಿನವರನ್ನು ಹಿಡಿಯಲು ಹೋಗಿ ತಾವೂ ಸರ್ರನೆ ಜಾರಿ ಎದುರಿನ ಗೋಡೆಗೆ. ಐಸಿನ ಗಡ್ಡೆ ಪೇರಿಸಿಡುವ ದೊಡ್ಡ ಕೋಣೆ ಅದು. ಪೊರ್ಬು ಇಡೀ ನೆಲಕ್ಕೆ ಐಸ್ ಕಟ್ಟಿಸಿದ್ದ. ಸೇಸಕ್ಕ ದಿನಾ ಬೆಚ್ಚಗಿನ ನೀರು ಚೆಲ್ಲಿ ಗೋಣಿಯಿಂದ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದಳು. ಮಳೆಗೆ ಮೊದಲು ಕೊನೆಯದಾಗಿ ಹಿಡಿದ ಒಂದು ಬಂಗುಡೆ ಮೀನು ಆ ಐಸಿನೊಳಗೇ ಸಿಕ್ಕಿಕೊಂಡಿತ್ತಂತೆ. ಗುರಿಕಾರರು ಬಿದ್ದಾಗ ಅದು ನಕ್ಕಿತು ಅಂತ ಹೇಳುವವರಿದ್ದಾರೆ. ನಕ್ಕರೂ ನಕ್ಕಿತು.

ಕೋಣೆಯ ನಟ್ಟನಡುವೆ ಸೇಸಕ್ಕ. ಸೀರೆ ಕಚ್ಚೆ ಕಟ್ಟಿ, ಕಾಲಿಗೆ ಪೊರ್ಬು ಮಾಡಿಕೊಟ್ಟ ಮರದ ಮೆಟ್ಟು, ಮೆಟ್ಟಿನ ಕೆಳಗೆ ತುಂಗಕ್ಕನ ತವರಿನ ಕತ್ತಿ. ದಿನಾ ಬಿದ್ದು ಎದ್ದು ನಿಲ್ಲಲು ಕಲಿತಿದ್ದಳು, ಅದಕ್ಕೇ ಆ ಕುಂಟು. ತಾನೇ ನಿಲ್ಲದೆ ಮಕ್ಕಳಿಗೆ ಬನ್ನಿ ಅನ್ನುವುದು ಹೇಗೆ ಅಂತ. ಆ ದಿನ ಆ ಕೋಣೆಯಲ್ಲಿ ಊರಿಗೆ ಊರೇ ಕಾಲು ಜಾರಿ ಬಿದ್ದಿತ್ತು. ಕಾಲು ಜಾರಿದವಳು ಅಂತ ಯಾರನ್ನು ಹಿಡಿಯಲು ಬಂದಿದ್ದರೋ ಅವಳೊಬ್ಬಳು ನೆಟ್ಟಗೆ ನಿಂತಿದ್ದಳು.

ತುಂಗಕ್ಕ ಬಿದ್ದಲ್ಲಿಂದಲೇ ಕಿರುಚಿದಳಂತೆ. "ನೋಡಿ, ನೋಡಿ ಗುರಿಕಾರ್ರೇ! ನ್ಯಾಯ ಮಾಡಿ!"

"ಮೊದಲು ನನ್ನನ್ನು ಎಬ್ಬಿಸಿ ಮಾರಾಯ್ರೆ, ನ್ಯಾಯ ಆಮೇಲೆ," ಅಂದರಂತೆ ಗುರಿಕಾರರು.

ಎಬ್ಬಿಸುವವರು ಯಾರು? ಎದ್ದವ ಮತ್ತೆ ಬೀಳುತ್ತಾನೆ. ಸೇಸಕ್ಕ ತೇಲಿಕೊಂಡು ಬಂದ ಹಾಗೆ ಬಂದು ಕೈ ಕೊಟ್ಟಳು. ಗುರಿಕಾರರು ಆ ಕೈ ಹಿಡಿದು ಎದ್ದರು. ಎರಡು ಕೇರಿಯ ಎದುರು ಯಾರ ಕೈ ಹಿಡಿದು ಎದ್ದರೋ ಅವಳನ್ನು ಹೊರಗೆ ಹಾಕುವುದು ಯಾವ ಬಾಯಲ್ಲಿ? ಗುರಿಕಾರರು ಸೊಂಟ ಉಜ್ಜಿಕೊಂಡು ಮನೆಗೆ ಹೋದರಂತೆ.

ಆಗ ಸೇಸಕ್ಕ ಹುಡುಗರ ಕಡೆ ತಿರುಗಿದಳು. "ಅಳಿವೆ ದಾಟೂದು ದೊಡ್ಡದಲ್ಲ ಮಕ್ಕಳೇ. ಹೆಣವೂ ದಾಟುತ್ತದೆ. ಈ ಗೋಡೆಯಿಂದ ಆ ಗೋಡೆಗೆ ಬೀಳದೆ ಹೋಗಿ ಕಾಂಬ."

ಗಂಡುಮಕ್ಕಳಿಗೆ ಇಷ್ಟು ಸಾಕು. ಒಬ್ಬ ಹೋದ, ಬಿದ್ದ. ಇನ್ನೊಬ್ಬ ಹೋದ, ಬಿದ್ದ. ಮೇಲ್ಕೇರಿಯವ ಬಿದ್ದರೆ ಕೆಳಕೇರಿ ನಕ್ಕಿತು, ಕೆಳಕೇರಿಯವ ಬಿದ್ದರೆ ಮೇಲ್ಕೇರಿ. ಮರುದಿನ ಕರೆಯದೆ ಬಂದರು. ಪೊರ್ಬು ಉಳಿದ ಕತ್ತಿಗಳಿಗೆಲ್ಲ ಮರದ ಮೆಟ್ಟು ಕೂರಿಸಿದ. ಬಿದಿರಿನ ಜಲ್ಲೆಗೆ ಹಲಗೆ ತುಂಡು ಬಿಗಿದು ಕೋಲು ಮಾಡಿದರು, ದೋಣಿಯ ಬದಿಗೆ ಕಟ್ಟುವ ಹಳೇ ಟೈರು ಕೊಯ್ದು ಬಿಲ್ಲೆ, ಹರಿದ ಬಲೆಯಿಂದ ಗೋಲು. ಅಮಾಸೆಯ ಪಂಥ ಇಲ್ಲಿಯೇ ಅಂತ ಎರಡೂ ಕೇರಿ ಒಪ್ಪಿತು.

ಒಪ್ಪದವ ಒಬ್ಬನೇ, ಮಾಬ್ಲ. ಒಪ್ಪಗೊಡದವಳು ಅವನ ಅಬ್ಬೆ. ಆ ಹೆಂಗಸು ಮೆಟ್ಟಿದ ನೆಲ ಮೆಟ್ಟಿದರೆ ಮನೆಗೆ ಬರಬೇಡ ಅಂದಿದ್ದಳಂತೆ ತುಂಗಕ್ಕ. ಹುಡುಗ ಏನು ಮಾಡಬೇಕು? ಜೊತೆಯವರೆಲ್ಲ ಐಸಿಗೆ ಹೋದರು. ಅಮಾಸೆ ದಿನ ಬೆಳಿಗ್ಗೆ ಅವನೊಬ್ಬನೇ ಮೇಲ್ಕೇರಿಯ ದೋಣಿ ಎಳೆದುಕೊಂಡು ಅಳಿವೆಗೆ ಹೋದ. ಯಾರೂ ಬರದಿದ್ದರೆ ನಾನೊಬ್ಬನೇ ದಾಟಿ ತೋರಿಸುತ್ತೇನೆ ಅಂತ.

ಸುದ್ದಿ ಕೇಳಿದ್ದೇ ಸೇಸಕ್ಕ ಕಾಲಿನ ಮೆಟ್ಟು ಕಿತ್ತು ಬಿಸುಟು ಬರಿಗಾಲಲ್ಲಿ ಓಡಿದಳು. ಮಳೆ ಅಂದರೆ ಮಳೆ, ಅಲೆ ತೆಂಗಿನಮರದ ಎತ್ತರ. ದೋಣಿಯ ಮೂತಿ ಆಗಲೇ ನೀರಿಗೆ ಮುಟ್ಟಿತ್ತು. ಬೇಡ ಮಗಾ ಅಂತ ಬಾಯಿಗೆ ಬಂತಂತೆ. ನುಂಗಿದಳು. ಆ ಮಾತಿನಿಂದ ಯಾರೂ ನಿಂತವರಲ್ಲ ಅಂತ ಅವಳಿಗೆ ಗೊತ್ತಿತ್ತು.

"ಮಾಬ್ಲಾ," ಅಂತ ಕೂಗಿದಳು, "ಗೋಲಿಗೆ ನಿಲ್ಲೂಕೆ ಅಗಲ ಎದೆಯವ ಒಬ್ಬನೂ ಇಲ್ಲ ಮಾರಾಯ. ಕೆಳಕೇರಿಯವ್ರು ಬಿಲ್ಲೆ ಮೇಲೆ ಬಿಲ್ಲೆ ಹೊಡೀತಿದಾರೆ. ಮೇಲ್ಕೇರಿಯ ಮರ್ಯಾದೆ ಹೋಯ್ತು!"

ಹುಡುಗ ಕಡಲು ನೋಡಿದ. ಸೇಸಕ್ಕನನ್ನು ನೋಡಿದ. ಎಷ್ಟು ಹೊಡೆದರು ಅಂತ ಕೇಳಿದನಂತೆ. ಹೇಳಲು ನಾಚಿಕೆ ಆಗುತ್ತದೆ ಅಂದಳಂತೆ. ಹುಟ್ಟು ಬಿಸುಟು ಓಡಿದ. ಬಿಟ್ಟ ದೋಣಿಯನ್ನು ಒಂದು ಅಲೆ ಎತ್ತಿಕೊಂಡಿತು. ಖಾಲಿ ದೋಣಿ ತಾನಾಗಿಯೇ ಅಳಿವೆ ದಾಟಿತಂತೆ. ಆಚೆ ಹೋದದ್ದು ದೋಣಿ, ಈಚೆ ಬಂದದ್ದು ಹಲಗೆ.

ಆ ಹಲಗೆಯನ್ನು ಮೊದಲು ನೋಡಿದವಳು ತುಂಗಕ್ಕ. ಮಗ ದೋಣಿ ಎಳೆದುಕೊಂಡು ಹೋದ ಅಂತ ಯಾರೋ ಹೇಳಿ ಓಡಿ ಬಂದಿದ್ದಳು. ಮೇಲ್ಕೇರಿಯ ಬಣ್ಣ ಗುರುತಿಸಿದಳು. ಅವಳ ಕೂಗು ಮಳೆಯನ್ನೂ ಮೀರಿ ಕೇಳಿಸಿತು ಅನ್ನುತ್ತಾರೆ. ಮೊದಲ ಸಲ ಆ ಬಾಯಿಯಿಂದ ಮಾತು ಬರಲಿಲ್ಲ, ಬರೀ ಕೂಗು. ಹಲಗೆಯನ್ನು ಎದೆಗೆ ಅವಚಿಕೊಂಡು ಜನ ಇದ್ದ ಕಡೆಗೆ ಓಡಿದಳು. ಜನ ಎಲ್ಲ ಇದ್ದದ್ದು ಐಸ್ ಫ್ಯಾಕ್ಟರಿಯಲ್ಲಿ.

ಅಲ್ಲಿ ಗೋಲಿನ ಬಲೆಯ ಮುಂದೆ ಮಾಬ್ಲ. ಬಾಯಿ ತುಂಬ ರಕ್ತ. ಮುಂದಿನ ಎರಡು ಹಲ್ಲಿಲ್ಲ, ಬಿಲ್ಲೆ ತಾಗಿತ್ತು. ಆದರೂ ಕೈಕಾಲು ಅಗಲಿಸಿ ನಿಂತಿದ್ದ, ನಗುತ್ತಿದ್ದ. ತುಂಗಕ್ಕ ಐಸಿನ ಮೇಲೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕೊನೆಗೆ ಅಂಬೆಗಾಲಲ್ಲೇ ಮಗನ ತನಕ ಹೋಗಿ ಅವನ ಕಾಲು ಹಿಡಿದುಕೊಂಡು ಕೂತಳಂತೆ. ಆ ಆಟ ಯಾರು ಗೆದ್ದರು ಅಂತ ಇವತ್ತಿಗೂ ಜಗಳ ಇದೆ.

ಆಮೇಲೆ ಆ ಊರಿನಿಂದ ಪಂಥಕ್ಕೆ ಅಳಿವೆ ದಾಟಿದವರಿಲ್ಲ. ಕೇರಿಯ ತಂಡ ಕ್ಲಬ್ಬಾಯಿತು. ಹೊಳೆಯಾಚೆಯ ಕಾಲೇಜಿನ ಹುಡುಗರು ನಗಲು ಬಂದವರು ಆಡಲು ಉಳಿದರು, ಕಾಲೇಜಿಗೂ ತಂಡವಾಯಿತು. ಎಲ್ಲೆಲ್ಲಿ ಮೀನಿನ ಬಂದರು ಉಂಟೋ, ಎಲ್ಲೆಲ್ಲಿ ಐಸ್ ಫ್ಯಾಕ್ಟರಿ ಉಂಟೋ, ಅಲ್ಲೆಲ್ಲ ಆಸಾಡಿಗೊಂದು ಕ್ಲಬ್ಬು. ಹೆಣ್ಣುಮಕ್ಕಳೂ ಪ್ಯಾಂಟು ಹಾಕಿ ಇಳಿದರು. ಆ ಪ್ಯಾಂಟಿನ ಬಗ್ಗೆ ಬಾವಿಕಟ್ಟೆ ಒಂದು ಮಳೆಗಾಲ ಪೂರ್ತಿ ಮಾತಾಡಿತಂತೆ. ಆಮೇಲೆ ಅವರು ಕಾಲೇಜಿನ ಗಂಡುಮಕ್ಕಳನ್ನೇ ಸೋಲಿಸಿದರು, ಬಾವಿಕಟ್ಟೆ ಸುಮ್ಮನಾಯಿತು. ಹಿಮದ ದೇಶದಲ್ಲಿ ಚಳಿಗಾಲದ ಆಟ, ಇಲ್ಲಿ ಹೊರಗೆ ಜಡಿಮಳೆ ಸುರಿಯುವಾಗ ಆಡುವ ಆಟ. ಕಾಲಿಗೆ ಕಟ್ಟುವುದು ಈಗ ದೂರದಿಂದ ಪೆಟ್ಟಿಗೆಯಲ್ಲಿ ಬರುತ್ತದೆ, ಹೆಸರು ಮಾತ್ರ ಮೆಟ್ಟುಕತ್ತಿಯೇ. ಸೇಸಕ್ಕ ಮುದುಕಿಯಾಗಿ, ಹಾಸಿಗೆಯಲ್ಲೇ ಕಣ್ಣು ಮುಚ್ಚಿದಳಂತೆ. ಪೊರ್ಬುವಿಗೂ ಅವಳಿಗೂ ಏನಾದರೂ ಇತ್ತಾ ಅಂದರೆ, ಇದ್ದರೆ ಇರಲಿ ಮಾರಾಯ್ರೆ, ಯಾರ ಗಂಟು ಹೋಯಿತು? ಆ ಇಬ್ಬರ ದೆಸೆಯಿಂದ ಎಷ್ಟು ಅಬ್ಬೆಯರು ಅಮಾಸೆ ದಿನ ಮಗನಿಗೆ ಊಟ ಬಡಿಸಿದ್ದಾರೆ, ಲೆಕ್ಕ ಇಟ್ಟವರಿಲ್ಲ.

ಇವತ್ತಿಗೂ ಆ ಕಡೆ ಒಂದು ಪದ್ಧತಿ ಇದೆ. ಆಟದಲ್ಲಿ ಯಾರ ಮಗನಿಗೆ, ಯಾರ ಮಗಳಿಗೆ ಪೆಟ್ಟಾದರೂ ಅಬ್ಬೆ ಅಳುವುದಿಲ್ಲ, ಬೈಯುವುದಿಲ್ಲ. ಮೆತ್ತಗೆ ಗಂಜಿ ಬೇಯಿಸಿ ಮಗುವಿಗೆ ಉಣ್ಣಿಸಿ, ಒಂದು ಪಾತ್ರೆ ತೆಗೆದುಕೊಂಡು ಸೇಸಕ್ಕನ ಮನೆಯಿದ್ದ ಜಾಗಕ್ಕೆ ಹೋಗಿ ಅಲ್ಲಿದ್ದವರಿಗೆ ಬಡಿಸುತ್ತಾಳೆ. ಹಲ್ಲುಗಂಜಿ ಅನ್ನುತ್ತಾರೆ ಅದಕ್ಕೆ. ಶುರುವಾದದ್ದು ಆ ಅಮಾಸೆಯ ಸಂಜೆಯೇ. ದೀಪ ಹಚ್ಚುವ ಹೊತ್ತಿಗೆ ತುಂಗಕ್ಕ ಬೇಲಿ ದಾಟಿ ಬಂದಳಂತೆ, ಸೊಂಟದಲ್ಲಿ ಗಂಜಿಯ ಪಾತ್ರೆ. ಸೇಸಕ್ಕನ ಅಂಗಳದಲ್ಲಿ ನಿಂತಳು. ಸೇಸಕ್ಕ ಹೊರಗೆ ಬಂದಾಗ ಮುಖಕ್ಕೆ ಮುಖ ಕೊಟ್ಟು ಹೇಳಿದಳಂತೆ:

"ಸೇಸೀ, ನನ್ನ ಮಗನ ಎರಡು ಹಲ್ಲು ಮುರಿಸಿದವಳು ನೀನು. ನಾಳೆ ಬಾವಿಕಟ್ಟೆಯಲ್ಲಿ ನಿನ್ನ ಮಾನ ತೆಗೀದೆ ಬಿಡೂದಿಲ್ಲ. ಈಗ ಬಾಯಿ ಮುಚ್ಚಿ ಈ ಗಂಜಿ ಉಣ್ಣು. ಅವ ಉಂಡಾಯ್ತು. ಮಲಗಿದಾನೆ. ಮನೆಯಲ್ಲೇ ಮಲಗಿದಾನೆ."